ಅಕ್ಕನ ಗಲ್ಲದ ಗಾಯ

ನನ್ನ ಮೊಮ್ಮಗಳಿಗೆ ಸತ್ತ ರಾಜರ ಮೂಗು ನೋಡಿ ಅವರ ಗುರುತು ಹಿಡಿಯಲು ಬರುತ್ತದೆ. ಇದನ್ನು ನಮ್ಮ ಬಿಲ್ಡಿಂಗಿನ ಎಲ್ಲರಿಗೂ ಹೇಳಿದ್ದೇನೆ. ಹಾಲಿನವನಿಗೆ ಹೇಳಿದ್ದೇನೆ. ಮುಂಬಯಿ ಹತ್ತಿರದ ನಮ್ಮ ಠಾಕುರ್ಲಿ ಸ್ಟೇಷನ್ನಿನ ಹೊರಗೆ ಕೊತ್ತಂಬರಿ ಮಾರುವವಳಿಗೂ ಹೇಳಿದ್ದೇನೆ. ಆಕೆ "ಮಗ್ ಪಗಾರ್ ಕಿತಿ?" ಎಂದು ಸಂಬಳ ಕೇಳಿದಳು. ಪಗಾರ ಇಲ್ಲ ಎಂದೆ. ಕೊತ್ತಂಬರಿ ಸೂಡು ಕೈಗಿಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದಳು.

ನಾನು ಊರಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ವಿಜಾಪುರದ ಕಡೆಯ ಸಣ್ಣ ಊರು ನಮ್ಮದು. ಬರೆಯುವುದು ನಿಧಾನ. ಆದರೂ ಈ ಹುಡುಗಿಯ ವಿಷಯ ಬಂದರೆ ಕೈ ತಾನೇ ಓಡುತ್ತದೆ. ಸಕ್ಕರೆ ಕಾಯಿಲೆ ಬಂದ ಮೇಲೆ ನನ್ನ ಪಾದಗಳಿಗೆ ನೆಲ ತಾಗುವುದು ಅಷ್ಟಾಗಿ ತಿಳಿಯುವುದಿಲ್ಲ. ಮನಸ್ಸಿಗೂ ಅದೇ ಆಗಿದೆಯೋ ಏನೋ. ಯಜಮಾನರು ತೀರಿಕೊಂಡಾಗ ಅಳು ಬರಲಿಲ್ಲ. ಆಮೇಲೆ ನಗುವೂ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಈ ಹುಡುಗಿ ಎದುರಿಗೆ ಬಂದು ಕೂತಾಗ ಮಾತ್ರ ಒಳಗೆ ಏನೋ ತುಂಬಿ ಬರುತ್ತದೆ. ಅದರ ಬಿಸಿ ತಣ್ಣಗೆ ನನಗೆ ತಿಳಿಯುವುದಿಲ್ಲ. ಬಾವಿಯೊಳಗೆ ಕೊಡ ತುಂಬಿದ್ದು ಮೇಲೆ ನಿಂತವರಿಗೆ ಹಗ್ಗದ ಭಾರದಿಂದ ತಿಳಿಯುತ್ತದಲ್ಲ, ಹಾಗೆ.

ಅವಳು ಠಾಣೆ ಶಹರದ ಕಾಲೇಜಿಗೆ ಹೋಗುತ್ತಾಳೆ. ಅಲ್ಲೇ ನೌಪಾಡಾದ ಒಂದು ಹಾಲ್‌ನಲ್ಲಿ ರವಿವಾರ ನಾಣ್ಯ ಕೂಡಿಸುವವರು ಸೇರುತ್ತಾರೆ. ಅಲ್ಲಿಂದ ಒಂದೊಂದಾಗಿ ತಂದ ರೋಮಿನ ನಾಣ್ಯಗಳು ಅವಳ ಹತ್ತಿರ ಇವೆ. ಎಲ್ಲ ತಾಮ್ರದವು, ಉಗುರಿನಷ್ಟು, ಕೆಲವು ಹುಣಸೆ ಬೀಜದ ಹಾಗೆ ಕಪ್ಪಗೆ. ಗುಂಡಿ ಗುಂಡಿ ಇರುವ ಚಪ್ಪಟೆ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಮೊದಲು ತಲೆ ನೋಡುತ್ತಾಳೆ. ಬಿಸಿಲಿನ ಕಿರಣದಂಥ ಮುಳ್ಳು ಇದ್ದರೆ ಒಂದು ಕಾಲ, ಮುತ್ತಿನ ಸಾಲು ಇದ್ದರೆ ಇನ್ನೊಂದು ಕಾಲ, ಎಲೆಯ ಪಟ್ಟಿ ಇದ್ದರೆ ಅದಕ್ಕೂ ಹಳೆಯದಿರಬಹುದು. ಆಮೇಲೆ ಗಡ್ಡ. ಆಮೇಲೆ ಅಂಚಿನ ಅಕ್ಷರ. ಅಕ್ಷರ ಅರ್ಧ ಅಳಿಸಿಹೋಗಿರುತ್ತವೆ. ಭಜನೆಯಲ್ಲಿ ಒಬ್ಬರು ಮೊದಲ ಪದ ಎತ್ತಿಕೊಟ್ಟರೆ ಉಳಿದವರು ಮುಂದಿನದನ್ನು ಹಾಡುವ ಹಾಗೆ, ಅವಳು ಎರಡು ಅಕ್ಷರ ಕಂಡರೆ ಉಳಿದದ್ದನ್ನು ತಾನೇ ತುಂಬಿಸುತ್ತಾಳೆ.

"ಆಯಿ, ಇವ್ನ ದಾಡಿ ನೋಡ್. ಯಾರ್ ಇರ್ಬೇಕು, ಸಾಂಗ್."

"ನಮ್ಮ ಹಳೇ ಚಾಳಿನ ಸೆಕ್ರೆಟರಿ ಇದ್ದಂಗ ಅದಾನ."

"ಆಯಿ, ಏ ಆಧೀ ದುನಿಯಾ ಚಲಾತಾ ಥಾ. ಅರ್ಧಾ ಜಗತ್ತು!"

"ಆ ಸೆಕ್ರೆಟರಿನೂ ಹಂಗ ತಿಳ್ಕೊಂಡಿದ್ದ."

ಅವಳು ನಕ್ಕು ನನ್ನ ತೊಡೆಯ ಮೇಲೆ ಬಿದ್ದುಬಿಡುತ್ತಿದ್ದಳು. ನಮ್ಮ ಮಧ್ಯಾಹ್ನಗಳು ಹೀಗೆ ಹೋಗುತ್ತಿದ್ದವು.

ಇನ್ನು ನನ್ನ ಕೊರಳಿನ ಬಿಲ್ಲೆಯ ವಿಷಯ ಹೇಳಬೇಕು.

ನಾನು ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ಯಜಮಾನರು ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲರಾಗಿದ್ದರು. ಅವರ ಮೊದಲ ಹೆಂಡತಿ ಜ್ವರ ಬಂದು ಸತ್ತಾಗ ಮಗ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದ. ಹಮಾಲನ ಹೆಂಡತಿಗೆ ಆ ಕಾಲದಲ್ಲಿ ಫೋಟೋ ಎಲ್ಲಿಂದ ಬರಬೇಕು? ನಮ್ಮ ಕಡೆ ಒಂದು ರೂಢಿ ಇದೆ. ಎರಡನೆಯವಳು ಮೊದಲನೆಯವಳನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಹೆಣ್ಣಿನ ಮುಖ ಇರುವ ಸಣ್ಣ ಬೆಳ್ಳಿಯ ಬಿಲ್ಲೆಯನ್ನು ಪತ್ತಾರ ಮಾಡಿಕೊಡುತ್ತಾನೆ. ಹೊಸ ಸೀರೆ ಬಂದರೆ ಮೊದಲು ಅವಳಿಗೆ ಮುಟ್ಟಿಸಬೇಕು. ಹಬ್ಬದ ಹೋಳಿಗೆಯ ಮೊದಲ ತುತ್ತು ಅವಳ ಮುಂದೆ ಹಿಡಿಯಬೇಕು. ಇಲ್ಲದಿದ್ದರೆ ಸತ್ತವಳು ಬದುಕಿದವಳನ್ನು ಸುಮ್ಮನೆ ಬಿಡುವುದಿಲ್ಲ ಎನ್ನುತ್ತಾರೆ. ಮದುವೆಯ ದಿನ ನನ್ನ ಅತ್ತೆ ತಾಳಿಯ ಕೆಳಗೆ ಕರಿ ದಾರದಲ್ಲಿ ಬಿಲ್ಲೆ ಕಟ್ಟಿದರು.

"ಈಕಿ ನಿನ್ನ ಅಕ್ಕ. ಈಕಿಗೆ ತೋರಿಸದ ಒಂದು ಕುಪ್ಪಸಾನೂ ತೊಡಬ್ಯಾಡ," ಎಂದರು.

ತೊಡಲಿಲ್ಲ. ಅಮಾವಾಸ್ಯೆಗೆ ಹುಣಸೆಹಣ್ಣಿನಿಂದ ತೊಳೆದು ಕುಂಕುಮ ಹಚ್ಚುತ್ತಿದ್ದೆ. ಅಕ್ಕನದು ಒಂದು ಬದಿಗೆ ತಿರುಗಿದ ಮುಖ. ಉದ್ದ ಮೂಗು. ತಲೆಯ ಸುತ್ತ ಹೂವಿನ ದಂಡೆ. ಕತ್ತಿನ ಹಿಂದೆ ಹೆರಳಿನ ದಾರದ ತುದಿ ಇಳಿಬಿದ್ದಿತ್ತು. ಗಲ್ಲದ ಮೇಲೆ ಆಳವಾದ ಒಂದು ಗಾಯ.

ಆ ಗಾಯವನ್ನು ಮೊದಲು ಕಂಡುಹಿಡಿದವನು ಮಗ. ಚಾಳಿನ ಮೆಟ್ಟಿಲಿನಿಂದ ಬಿದ್ದು ಗದ್ದ ಒಡೆದುಕೊಂಡಿದ್ದ. ಅರಿಶಿನ ಒತ್ತಲು ಅವನನ್ನು ಎದೆಗೆ ಹಿಡಿದುಕೊಂಡಿದ್ದೆ. ಅಳುತ್ತಲೇ ಬಿಲ್ಲೆ ನೋಡಿದವನು ಸುಮ್ಮನಾದ. "ಚಿಗವ್ವ, ನಮ್ಮವ್ವನೂ ಬಿದ್ದಿದ್ಳು," ಎಂದ. ಅವನ ಅಪ್ಪ ಅಲ್ಲೇ ಉಣ್ಣುತ್ತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕನ ಗಲ್ಲಕ್ಕೆ ಗಾಯ ಇತ್ತು. ಮದುವೆಯಾದ ಹೊಸದರಲ್ಲಿ ಅವನು ತನ್ನ ಹೆಂಡತಿಗೂ ಹಾಗೆಯೇ ಹೇಳಿದ.

ನನಗೆ ಮಕ್ಕಳಾಗಲಿಲ್ಲ. ಅವನೇ ಮಗ. ಅವನಿಗೆ ನಾನು ಚಿಗವ್ವ, ಬಿಲ್ಲೆಯಲ್ಲಿದ್ದವಳು ಅವ್ವ. ಪರೀಕ್ಷೆಗೆ ಹೋಗುವಾಗ, ಲೈಸೆನ್ಸಿಗೆ ಹೋಗುವಾಗ ನಾನು ಬಾಗಿಲಲ್ಲಿ ಕತ್ತು ಮುಂದೆ ಚಾಚಿ ನಿಲ್ಲುತ್ತಿದ್ದೆ. ಅವನು ಬಿಲ್ಲೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದ. ಈಗ ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಂಪನಿಯ ಬಸ್ಸು ಓಡಿಸುತ್ತಾನೆ. ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆಯೂ ಅದೇ. ಯಜಮಾನರು ಹೋದಾಗ ಹಿರಿಯರು ತಾಳಿ ತೆಗೆದರು. ಗಂಡನೇ ಇಲ್ಲದ ಮೇಲೆ ಸವತಿ ಯಾಕೆ, ಬಿಲ್ಲೆಯನ್ನೂ ನೀರಿಗೆ ಬಿಡಿ ಎಂದರು. ಮಗ ನಡುವೆ ಬಂದು ನಿಂತ. "ನಮ್ಮಪ್ಪನ್ನ ಕಳಿಸೀನಿ. ನಮ್ಮವ್ವನ್ನ ಕಳಿಸಂಗಿಲ್ಲ." ಹಾಗಾಗಿ ಕರಿ ದಾರದಲ್ಲಿ ಅಕ್ಕ ಒಬ್ಬಳೇ ಉಳಿದಳು.

ಮೊಮ್ಮಗಳು ಈ ಬಿಲ್ಲೆಯನ್ನು ಹುಟ್ಟಿದಾಗಿನಿಂದ ನೋಡಿದ್ದಾಳೆ. ಹಲ್ಲು ಬರುವಾಗ ಕಚ್ಚಿದ್ದಾಳೆ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ? ಒಂದು ಮಧ್ಯಾಹ್ನ ಹೊಸದಾಗಿ ತಂದ ತಾಮ್ರದ ನಾಣ್ಯ ತೋರಿಸಲು ಕರೆದಳು. ನಾನು ಬಾಗಿದೆ. ಬಿಲ್ಲೆ ಕುಪ್ಪಸದಿಂದ ಜಾರಿ ಅವಳ ಭೂತಗನ್ನಡಿಯ ಮುಂದೆ ತೂಗಿತು.

"ಆಯಿ, ಹಲೂ ನಕೋ," ಎಂದಳು. ನಾನು ಅಲ್ಲಾಡದೆ ನಿಂತೆ.

ಎರಡು ಬೆರಳಿನಿಂದ ಅಂಚು ಹಿಡಿದಳು. ಬಹಳ ಹೊತ್ತು ನೋಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಮೊಬೈಲು ತೆಗೆದು ಏನೋ ಹುಡುಕಿದಳು. ನನ್ನ ಕತ್ತು ನೋಯತೊಡಗಿತು.

"ಇದು ಯಾರ್ ಕೊಟ್ರು ನಿಂಗ?"

"ನಿನ್ನ ಮುತ್ತಜ್ಜಿ. ಊರಾಗ ಪತ್ತಾರ ಮಾಡಿಕೊಟ್ಟಿದ್ದ."

"ಪತ್ತಾರ್ ಫಕ್ತ್ ತೂತು ಮಾಡ್ಯಾನ, ಆಯಿ."

ಆಮೇಲೆ ಒಂದೊಂದಾಗಿ ಹೇಳಿದಳು. ಇದು ರೋಮಿನ ಬೆಳ್ಳಿ ನಾಣ್ಯ, ದೆನಾರಿಯಸ್ ಎನ್ನುತ್ತಾರೆ. ಆ ರಾಜ್ಯದ ಎರಡನೆಯ ಚಕ್ರವರ್ತಿ ಇವನು. ಹೂವಿನ ದಂಡೆಯಲ್ಲ, ಎಲೆಯ ಪಟ್ಟಿ. ಹೆರಳಿನ ದಾರವಲ್ಲ, ಆ ಪಟ್ಟಿಯನ್ನು ಹಿಂದೆ ಕಟ್ಟಿದ ರಿಬ್ಬನ್ನು. ಮೆಣಸು ಒಯ್ಯಲು ಬಂದ ಹಡಗಿನವರು ಇಂಥ ಬೆಳ್ಳಿ ತರುತ್ತಿದ್ದರಂತೆ. ನಮ್ಮ ಕಲ್ಯಾಣದ ಖಾಡಿಯ ಬಂದರಿಗೂ ಬರುತ್ತಿದ್ದರಂತೆ. ನಮ್ಮ ಕಡೆ ಹೊಲ ಉಳುವಾಗ ಸಿಕ್ಕಿದ್ದು ಯಾರದೋ ಕೈ ದಾಟಿ ಅತ್ತೆಯ ಕೈಗೆ ಬಂದಿರಬೇಕು. ಮುಖ ಇದೆ, ಬೆಳ್ಳಿ ಇದೆ, ಹೊಸದು ಮಾಡಿಸುವುದೇಕೆ ಎಂದುಕೊಂಡಿರಬೇಕು.

"ಗಲ್ಲದ ಮ್ಯಾಗಿನ ಗಾಯ?" ಎಂದೆ.

"ಒಳಗ್ ಭೀ ಚಾಂದೀ ಅದ ಇಲ್ಲ ಅಂತ ಚೆಕ್ ಮಾಡಕ್ ಉಳಿಯಿಂದ ಹೊಡೀತಿದ್ರು. ಇಲ್ಲಿ ಮಂದೀನೇ."

ಅವಳ ಕಣ್ಣು ಹೊಳೆಯುತ್ತಿದ್ದವು. ಬೆಳ್ಳಿಯದು ಅವಳ ಹತ್ತಿರ ಒಂದೂ ಇರಲಿಲ್ಲ. ಮೊಬೈಲಿನಲ್ಲಿ ಚಿತ್ರ ನೋಡಿ ಆಸೆ ಪಡುತ್ತಿದ್ದದ್ದು ತಾನು ಹಲ್ಲಿನಿಂದ ಕಚ್ಚಿದ ಬಿಲ್ಲೆಯೇ ಆಗಿತ್ತು. ಆಮೇಲೆ ಹೊಳಪು ನಿಂತಿತು. "ಪಪ್ಪಾ," ಎಂದಳು. ಅಷ್ಟೇ.

ನನಗೆ ಏನಾದರೂ ಅನ್ನಿಸಬೇಕಿತ್ತು. ಮದುವೆಯಾದಾಗಿನಿಂದ ಪ್ರತಿ ಸೀರೆಯನ್ನೂ ಮೊದಲು ಯಾವನೋ ಗಂಡಸಿಗೆ ತೋರಿಸಿದ್ದೆ. ನಗು ಬರಬೇಕಿತ್ತು, ಇಲ್ಲವೇ ಹೆದರಿಕೆ. ಒಲೆಯ ಮೇಲೆ ಬೇಳೆ ಇತ್ತು. ಹೋಗಿ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಕೈಗೆ ಬಿದ್ದದ್ದು ಬೊಬ್ಬೆ ಎದ್ದ ಮೇಲೆ ಗೊತ್ತಾಯಿತು.

ತಪ್ಪಿದ್ದರೂ ಇರಬಹುದು, ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದು ರವಿವಾರ ನನ್ನನ್ನೂ ನೌಪಾಡಾಕ್ಕೆ ಕರೆದುಕೊಂಡು ಹೋದಳು. ದಾರ ಬಿಚ್ಚುವಂತಿರಲಿಲ್ಲ, ಹಾಗಾಗಿ ನಾಣ್ಯದ ಜೊತೆ ನಾನೂ ಹೋಗಬೇಕಾಯಿತು. ಅಲ್ಲಿ ಎಲ್ಲರೂ ಕೇಳಿ ತಿಳಿದುಕೊಳ್ಳುವ ಒಬ್ಬ ಮರಾಠಿ ಹಿರಿಯರಿದ್ದರು. ನನ್ನನ್ನು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ, "ಆಜಿ, ಮಾಫ್ ಕರಾ," ಎನ್ನುತ್ತ ಕಣ್ಣಿಗೆ ಗಾಜು ಹಿಡಿದು ಬಾಗಿದರು. ಹಿಂದೆ ನಾಲ್ಕೈದು ಜನ ಸಾಲು ನಿಂತರು. ಗುಡಿಯ ಮೂರ್ತಿಯ ಹಾಗೆ ಕೂತಿದ್ದೆ ಎಂದು ಮೊಮ್ಮಗಳು ಈಗಲೂ ಅಣಕಿಸುತ್ತಾಳೆ.

ಅಸಲಿ, ಎಂದರು ಅವರು. ಆದರೆ ತೂತು ಬಿದ್ದದ್ದನ್ನು, ಏಟು ತಿಂದದ್ದನ್ನು ಸಂಗ್ರಹದವರು ಕೇಳುವುದಿಲ್ಲ. ಮೈಗೆ ತಾಗಿ ತಾಗಿ ಹಿಂಬದಿ ಇನ್ನೂ ಹೆಚ್ಚು ಸವೆದಿದೆ. ಅಲ್ಲಿ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಟೊಂಗೆ.

"ಕೋಣ್ ತೀ?" ಎಂದು ನಾನೇ ಕೇಳಿದೆ. ಯಾರು ಅವಳು?

ಕೆಲವರು ಆ ಚಕ್ರವರ್ತಿಯ ತಾಯಿ ಎನ್ನುತ್ತಾರಂತೆ. ಕೆಲವರು ಶಾಂತಿಯ ದೇವತೆ ಎನ್ನುತ್ತಾರಂತೆ. ಖಾತ್ರಿಯಾಗಿ ಯಾರಿಗೂ ಗೊತ್ತಿಲ್ಲವಂತೆ. ಆಮೇಲೆ ಅವರು ಮೊಮ್ಮಗಳ ಕಡೆ ತಿರುಗಿ, ತಮ್ಮ ಪ್ರದರ್ಶನ ಹತ್ತಿರ ಬಂದಿದೆ, ನೀನು ಒಂದು ಮೇಜು ಹಾಕು, ನಾಣ್ಯ ಆಜಿಯ ಕೊರಳಲ್ಲೇ ಇರಲಿ, ಹೀಗೆ ಬಂದದ್ದನ್ನು ನಾನು ನೋಡಿಲ್ಲ ಎಂದರು. ಅಷ್ಟು ಜನರ ಮುಂದೆ ನನ್ನ ಹುಡುಗಿಗೆ ಮೇಜು. ಒಳಗೆ ಹಗ್ಗ ಭಾರವಾಯಿತು. ಆದರೆ ಅವಳು ಹೂಂ ಎನ್ನಲಿಲ್ಲ. "ಪಪ್ಪಾಲಾ ವಿಚಾರತೇ," ಎಂದಳು. ಅಪ್ಪನನ್ನು ಕೇಳಬೇಕು.

ವಾಪಸು ಬರುವಾಗ ಗಾಡಿಯಲ್ಲಿ ಮೆಲ್ಲಗೆ ಕೇಳಿದಳು. "ಹೇಳಲಿಲ್ಲ ಅಂದ್ರ ನಡೀತದ ನಾ, ಆಯಿ? ಹಮ್ ದೋ ಕೋ ಹೀ ಪತಾ ಹೈ, ನಮ್ಮಿಬ್ಬರಿಗೇ."

"ನಿನ್ನ ಮಾರಿ ನೋಡಿದ್ರ ಅಂವಗ ಗೊತ್ತಾಗ್ತದ. ಹೇಳು. ನಾ ಹೇಳೂದಿಲ್ಲ, ನನಗ ತಿಳಿಯೂದಿಲ್ಲ. ಓದಿದಾಕಿ ನೀ ಹೇಳು."

ಅವನ ರಜೆಯ ದಿನ ಊಟಕ್ಕೆ ಕೂತಾಗ ಹೇಳಿದಳು. ಅವನು ಮೊದಲು ನಕ್ಕ.

"ನಿನಗ ಎಲ್ಲಾ ಕಡೆ ರೋಮನ್ನ ಕಾಣ್ತದ. ನಾಳಿ ಈ ರೊಟ್ಟೀನೂ ರೋಮನ್ ಅಂತಿ."

"ರೊಟ್ಟಿ ಸುಟ್ಟಾಕಿ ನಾನು," ಎಂದಳು ಸೊಸೆ. "ಅವರ ಮ್ಯಾಲೆ ಹಾಕಬ್ಯಾಡ್ರಿ."

ಮೊಮ್ಮಗಳು ಮೊಬೈಲು ಅವನ ಕೈಗೆ ಕೊಟ್ಟಳು. ಅವನು ಎದ್ದು ಬಂದು ಎಡಗೈಯಲ್ಲಿ ನನ್ನ ಕೊರಳಿನ ಬಿಲ್ಲೆ, ಬಲಗೈಯಲ್ಲಿ ಆ ಚಿತ್ರ ಹಿಡಿದು ನೋಡಿದ. ಒಂದೇ ಮೂಗು. ಒಂದೇ ಗದ್ದ.

"ಇದ್ರಾಗ ಗಾಯ ಇಲ್ಲ," ಎಂದ. ಅವನ ದನಿಯಲ್ಲಿ ಆಸೆ ಇತ್ತು.

ಅವಳು ಉಳಿಯ ವಿಷಯ ಹೇಳಿದಳು.

"ಹೂವು?"

"ಎಲೆ, ಪಪ್ಪಾ."

"ಹೆರಳಿನ ದಾರ?"

ಅವನು ಮೊಬೈಲನ್ನು ನೆಲದ ಮೇಲೆ ಬೋರಲು ಇಟ್ಟ. "ಹಂಗಾರ ನಮ್ಮವ್ವ ಹ್ಯಾಂಗಿದ್ಳು?" ಎಂದ. ಯಾರನ್ನೂ ನೋಡಿ ಕೇಳಿದ್ದಲ್ಲ. ಅವಳನ್ನು ಕಂಡವರು ಯಾರೂ ಈಗ ಉಳಿದಿಲ್ಲ. ತಾಟಿನಲ್ಲಿದ್ದದ್ದನ್ನು ಬಿಡದೆ ಉಂಡು ಕೈ ತೊಳೆದ.

ಮರುದಿನ ಬೆಳಗ್ಗೆ ರೂಢಿಯಂತೆ ಬಾಗಿಲಲ್ಲಿ ಕತ್ತು ಚಾಚಿ ನಿಂತೆ. ಅವನು ಚಪ್ಪಲಿ ಮೆಟ್ಟಿ ಹೋದ. ಅದರ ಮರುದಿನವೂ ಹೋದ. ನಾನು ನಿಲ್ಲುವುದನ್ನು ಬಿಡಲಿಲ್ಲ, ಬಿಟ್ಟರೆ ಮತ್ತೆ ಹೇಗೆ ನಿಲ್ಲುವುದು ಎಂದು ತಿಳಿಯಲಿಲ್ಲ. ಮನೆಯಲ್ಲಿ ಜಗಳ ಇರಲಿಲ್ಲ. ಎಲ್ಲರೂ ಉಪ್ಪು ಕೊಡು, ನೀರು ಬಂತು ಎಂದಷ್ಟೇ ಮಾತಾಡುತ್ತಿದ್ದೆವು. ಅಮಾವಾಸ್ಯೆ ಬಂತು. ಕುಂಕುಮದ ಬಟ್ಟಲು ಹಿಡಿದು ನಿಂತೆ. ಯಾರಿಗೆ ಎಂದು ಗೊತ್ತಾಗಲಿಲ್ಲ. ಕೈ ತಾನೇ ಹಚ್ಚಿತು.

ಇದಕ್ಕಿಂತ ನನಗೆ ತಡೆಯಲಾಗದೆ ಹೋದದ್ದು ಬೇರೆ. ಮೊಮ್ಮಗಳು ಡಬ್ಬಿಗಳನ್ನೆಲ್ಲ ಕಟ್ಟಿ ಕಪಾಟಿನ ಮೇಲಕ್ಕೆ ಹಾಕಿದಳು. ರವಿವಾರ ಮಲಗಿಯೇ ಇದ್ದಳು. ನೌಪಾಡಾಕ್ಕೆ ಹೋಗುವುದಿಲ್ಲವೇ ಎಂದರೆ, "ಬಂದ್ ಕೇಲಂ, ಬಿಟ್ಟೆ," ಎಂದು ಗೋಡೆಗೆ ತಿರುಗಿದಳು. ಬಾವಿಯ ಹಗ್ಗ ಒಮ್ಮೆಲೆ ಹಗುರಾದರೆ ಕೊಡ ಕಳಚಿತು ಎಂದು ಅರ್ಥ.

ಮುಂದಿನ ರಜೆಗೆ ಮಗ ನನ್ನನ್ನು ಕಲ್ಯಾಣಕ್ಕೆ ಹೊರಡಿಸಿದ. ಅಲ್ಲಿ ಬಜಾರಿನಲ್ಲಿ ನಮ್ಮ ಕಡೆಯ ಪತ್ತಾರನೊಬ್ಬ ಇದ್ದಾನೆ. "ಖರೇ ಬಿಲ್ಲೆ ಒಂದು ಮಾಡಿಸೂನು," ಎಂದ. ಪತ್ತಾರ ಕಂಚಿನ ಅಚ್ಚುಗಳನ್ನು ಸಾಲಾಗಿ ಇಟ್ಟ. "ಈಕಿ ಲಕ್ಷ್ಮಿ. ಈಕಿ ಯಲ್ಲಮ್ಮ. ಇದು ಸವತಿಗಂತ ನಮ್ಮಪ್ಪನ ಕಾಲದಿಂದ ಹೊಡಿಯೂದು." ಎಲ್ಲಕ್ಕೂ ಒಂದೇ ದುಂಡು ಮುಖ, ಒಂದೇ ದೊಡ್ಡ ಕಣ್ಣು. ಮಗ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟ.

"ಇವು ಬ್ಯಾಡಂದ್ರ ಕೈಲೆ ಕೊರೀತೀನಿ," ಎಂದ ಪತ್ತಾರ. "ನಿಮ್ಮವ್ವಾರ ಮಾರಿ ಹ್ಯಾಂಗಿತ್ತು ಹೇಳ್ರಿ."

"ಗಲ್ಲದ ಮ್ಯಾಲೆ..." ಎಂದ ಮಗ. ನನ್ನ ಕಡೆ ತಿರುಗಿದ. "ಚಿಗವ್ವ, ನಮ್ಮಪ್ಪ ನಿನ್ನ ಮುಂದ ಏನೂ ಹೇಳಿದ್ದಿಲ್ಲೇನು?"

"ಒಂದ ಸಲ ಹೇಳಿದ್ರು. ಆಕಿ ನಡದ್ರ ಹಿಂದ ಬರಾವ್ರು ಓಡಬೇಕಿತ್ತಂತ."

"ನಡಗಿ ಕೊರಿಯಾಕ ಬರೂದಿಲ್ಲರೀ," ಎಂದ ಪತ್ತಾರ, ಬೇಸರ ಮಾಡಿಕೊಂಡೇ.

ಬರಿಗೈಯಲ್ಲಿ ಹೊರಬಿದ್ದೆವು. ಗದ್ದಲದಲ್ಲಿ ಮಗ ಮುಂದೆ ಮುಂದೆ ಹೋಗಿಬಿಟ್ಟ. ಅವನು ಮೊದಲಿನಿಂದಲೂ ಹಾಗೆಯೇ, ಜೊತೆಗೆ ನಡೆಯಲು ಬರುವುದಿಲ್ಲ. ನನ್ನ ಪಾದ ಎಲ್ಲಿ ಬೀಳುತ್ತಿದೆ ಎಂದು ನೋಡಿಕೊಂಡು ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ಅವನು ರಿಕ್ಷಾ ಹಿಡಿದು ನಿಲ್ಲಿಸಿದ್ದ.

ಸ್ವಲ್ಪ ದೂರ ಹೋದ ಮೇಲೆ ಕೇಳಿದ. "ಬಿಲ್ಲೆ ಹಿಂದ ಒಬ್ಬಾಕಿ ಕುಂತಾಳಂದ್ಳಲ್ಲ ಹುಡುಗಿ, ಯಾರಂತ ಆಕಿ?"

"ಆ ರಾಜನ ತಾಯಿ ಅಂತಾರಂತ ಕೆಲವರು. ದೇವಿ ಅಂತಾರಂತ ಕೆಲವರು. ಖಾತ್ರಿ ಗೊತ್ತಿಲ್ಲಂತ."

"ಇಷ್ಟು ಕಲಿತಾವ್ರಿಗೂ ಗೊತ್ತಿಲ್ಲ?"

"ಇಲ್ಲಂತ."

ಪತ್ರೀಪೂಲ್ ಸೇತುವೆಯ ಮೇಲೆ ಗಾಡಿಗಳು ಸಿಕ್ಕಿಕೊಂಡಿದ್ದವು. ರಿಕ್ಷಾದವನು ಎಂಜಿನ್ ಬಂದ್ ಮಾಡಿ ಕೂತ. ಮಗ ಹೊರಗೆ ಹಳಿಗಳನ್ನು ನೋಡುತ್ತಿದ್ದ.

"ಯಾರಂತ ಗೊತ್ತಿಲ್ಲ ಅಂದ್ರ," ಎಂದ, "ನಮ್ಮವ್ವ ಆಗಾಕ ಏನ್ ಅಡ್ಡಿ?"

ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಮನೆಗೆ ಬಂದವನು ಸ್ಟೂಲು ಹಾಕಿ ಕಪಾಟಿನ ಮೇಲಿಂದ ಡಬ್ಬಿಗಳನ್ನು ಇಳಿಸಿದ. ಮಗಳ ಮುಂದೆ ಇಟ್ಟ. "ನಿನ್ನ ಗಾಜು ತಗೀ," ಎಂದ. ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ ದಾರದ ಗಂಟು ಬಿಚ್ಚಿದ. ಮದುವೆಯಾದಾಗಿನಿಂದ ದಾರ ಬದಲಿಸುವಾಗ ಬಿಟ್ಟರೆ ಅದು ಕೊರಳಿನಿಂದ ಇಳಿದಿರಲಿಲ್ಲ. ಬಿಲ್ಲೆಯನ್ನು ಹಿಂದುಮುಂದು ಮಾಡಿ ಪೋಣಿಸಿ ಮತ್ತೆ ಕಟ್ಟಿದ. ಈಗ ಕೂತ ಹೆಂಗಸು ಹೊರಗೆ ಬಂದಳು. ಬರಿಗಣ್ಣಿಗೆ ಅವಳು ಒಂದು ಸಣ್ಣ ಉಬ್ಬು, ಅಷ್ಟೇ.

"ನೌಪಾಡಾದಾವ್ರಿಗೆ ಹೂಂ ಅನ್ನು," ಎಂದ ಮಗಳಿಗೆ. "ನಿಮ್ಮ ಆಯಿ ಬರ್ತಾಳ, ನಮ್ಮವ್ವನೂ ಬರ್ತಾಳ. ಆ ರಾಜಗ ಹಿಂದಿನ ಸೀಟಿಗೆ ಕೂಡಂತ ಹೇಳು."

"ಪಪ್ಪಾ, ತೋ ಚಕ್ರವರ್ತಿ ಆಹೇ."

"ಇರಲಿ. ನಮ್ಮ ಬಸ್ಸಿನಾಗ ಮ್ಯಾನೇಜರೂ ಹಿಂದ ಕೂಡ್ತಾರ."

ಹುಡುಗಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. ಸೊಸೆ ಕುಂಕುಮದ ಬಟ್ಟಲು ತಂದಳು. ಮಗ ಬೆರಳು ಅದ್ದಿ ಬಿಲ್ಲೆಯ ಹತ್ತಿರ ತಂದವನು ತಡೆದು ನಿಂತ. ಅಲ್ಲಿ ಮುಖವೇ ಇರಲಿಲ್ಲ. ನನ್ನ ಎದೆಗೆ ತಾಗಿ ತಾಗಿ ಸವೆದು ಹೋಗಿತ್ತು.

"ಎಲ್ಲಿ ಹಚ್ಚಲಿ?" ಎಂದ.

ಮೊಮ್ಮಗಳು ಕಣ್ಣಿಗೆ ಗಾಜು ಹಿಡಿದು ಬಾಗಿದಳು. ಕುರ್ಚಿಯ ಕಾಲಿನಿಂದ ಮೇಲಕ್ಕೆ ನೋಡುತ್ತ ಬಂದಳು. ಅವಳ ಉಸಿರು ನನ್ನ ಕತ್ತಿಗೆ ಬೀಳುತ್ತಿದ್ದಿರಬೇಕು. ನಾನು ಅಲ್ಲಾಡದೆ ಕೂತೆ.

"ಇದು ಮಡಿಲು," ಎಂದಳು. "ಇದು ಭುಜ. ತಲಿ ಇಲ್ಲಿ ಇರ್ಬೇಕು, ಪಪ್ಪಾ."

ಅವಳು ಹಲ್ಲುಕಡ್ಡಿಯ ತುದಿಯಿಂದ ತೋರಿಸಿದ ಜಾಗಕ್ಕೆ ಅವನು ಹಚ್ಚಿದ.